ಪಕ್ಕಾ ಮನೆಯ ಬೇಗೆ

ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಮೇರೆಯಾಗಿ ಹೆಸರುಗೊಂಡ ನಂಗಲಿ ಇಂದಿಗೂ ಗಡಿಯ ಊರೇ. ಕೋಲಾರದಿಂದ ಹೊರಟು, ಡಿ.ವಿ.ಜಿ.ಯವರು ಜನಿಸಿದ ಮುಳಬಾಗಿಲನ್ನು ಹಾದು, ಪೂರ್ವಾಭಿಮುಖವಾಗಿ ಸಾಗುವ ಹೆದ್ದಾರಿ ಇಲ್ಲಿ ಸುಂಕ ತೆತ್ತು ಮುಂದೆ ಆಂಧ್ರದೇಶವನ್ನು ಹೊಗುತ್ತದೆ. ಈ ದಾರಿಯ ಇಕ್ಕೆಲದ ಹಳ್ಳಿಗಳಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬದಲಾಗಿರುವುದು ಮನೆಯ ಸೂರು. ತೊಲೆ ಜಂತೆಗಳ ಮೇಲೆ ಸೊಪ್ಪುಸದೆಯನ್ನು ಹರಡಿ, ಅದರ ಮೇಲೆ ಗೇಣುದಪ್ಪ ಮಣ್ಣನ್ನು ತುಳಿದು ಕೂರಿಸಿ, ನಡುವೆ ಬೆಳಕಿಗೊಂದು ಗವಾಕ್ಷಿಯನ್ನು ಬಿಟ್ಟು ಕಟ್ಟುತ್ತಿದ್ದ ಮಾಳಿಗೆ — ಈ ಗಡಿನಾಡಿನವರ ಬಾಯಲ್ಲಿ ಮಿದ್ದೆ — ಈಗ ಹುಡುಕಿ ನೋಡಬೇಕಾದ ವಸ್ತು. ನಾಡಹೆಂಚಿನ ಸೂರೂ ಹಾಗೆಯೇ. ಅವುಗಳ ಸ್ಥಾನದಲ್ಲಿ ನಾಲ್ಕಂಗುಲದ ಕಾಂಕ್ರೀಟಿನ ಹಾಸು, ಅಂದರೆ ಜನರು ಮೋಲ್ಡ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಾರಸಿ, ಬಂದಿದೆ. ಅಷ್ಟು ಶಕ್ತಿಯಿಲ್ಲದವರ ನೆತ್ತಿಯ ಮೇಲೆ ಸಿಮೆಂಟ್ ಶೀಟು ಬಂದಿದೆ.

ಇತ್ತ ರಾಜಧಾನಿಯಲ್ಲಿ, 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಂದಿನಿಂದ, ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ಗಳವರೆಗೆ ವಿದ್ಯುತ್ತನ್ನು ಪುಕ್ಕಟೆಯಾಗಿ ಕೊಡುವುದು ಸರಿಯೇ ತಪ್ಪೇ ಎಂಬ ವಾಗ್ವಾದ ನಿಂತಿಲ್ಲ. ಬೊಕ್ಕಸ ಬರಿದಾಯಿತೆಂದು ಒಂದು ಪಕ್ಷ ಹೇಳುತ್ತದೆ; ಬಡವನ ಮನೆಗೆ ಬೆಳಕು ಬಂದುದನ್ನು ನೋಡಿ ಕರುಬುತ್ತೀರೆಂದು ಮತ್ತೊಂದು ಪಕ್ಷ ಉತ್ತರ ಕೊಡುತ್ತದೆ. ನನ್ನ ಮಟ್ಟಿಗೆ, ಗೃಹಜ್ಯೋತಿಯನ್ನು ನಾನು ವಿರೋಧಿಸುವವನಲ್ಲ. ಗೃಹಿಣಿಯರ ಕೈಯಲ್ಲಿ ತಿಂಗಳ ಕೊನೆಗೆ ನಾಲ್ಕು ಕಾಸು ಉಳಿಸಿದ ಯೋಜನೆಯನ್ನು ಪೇಟೆಯ ಪಂಡಿತರು ಅವಹೇಳನ ಮಾಡುವುದು ನನಗೆ ರುಚಿಸುವುದಿಲ್ಲ. ಆದರೆ ವರ್ಷಕ್ಕೆ ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ಹಣವನ್ನು ಫ್ಯಾನು ತಿರುಗಿಸುವುದಕ್ಕಾಗಿ ವೆಚ್ಚಮಾಡಲು ಸಿದ್ಧವಾದ ಸರ್ಕಾರ, ಆ ಫ್ಯಾನು ಯಾವ ಸೂರಿನ ಕೆಳಗೆ ತಿರುಗುತ್ತಿದೆ, ಆ ಸೂರನ್ನು ಕಟ್ಟಲು ಹಣ ಕೊಟ್ಟವರು ಯಾರು ಎಂಬುದನ್ನು ಒಮ್ಮೆಯಾದರೂ ವಿಚಾರಿಸಬೇಕಾಗಿತ್ತೆಂದು ಹೇಳದಿರಲಾರೆ. ಏಕೆಂದರೆ ಹಳ್ಳಿಯ ಬಡವನ ವಿಷಯದಲ್ಲಿ ಸೂರಿಗೆ ಹಣ ಕೊಟ್ಟದ್ದೂ ಬಹುಪಾಲು ಸರ್ಕಾರವೇ: ಜನತಾ ಮನೆಗಳ ಕಾಲದಿಂದ ಮೊದಲುಗೊಂಡು ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಅಂಬೇಡ್ಕರ್ ನಿವಾಸ್, ಪ್ರಧಾನಮಂತ್ರಿ ಆವಾಸ್ ಎಂದು ಹೆಸರುಗಳು ಬದಲಾದುವು, ನಕ್ಷೆ ಹೆಚ್ಚಾಗಿ ಬದಲಾಗಲಿಲ್ಲ.

ಸೂರಿನಿಂದ ಒಳಗಿಳಿಯುವ ತಾಪ ಎಷ್ಟೆಂಬುದಕ್ಕೆ ಸ್ಥೂಲವಾದ ಲೆಕ್ಕವೊಂದನ್ನು ಮಾಡಬಹುದು. ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ವಿಧಿಸಿರುವ ಕನಿಷ್ಠ ವಿಸ್ತೀರ್ಣ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ಬರಿಯ ನಾಲ್ಕಂಗುಲದ ಕಾಂಕ್ರೀಟ್ ಹಾಸು, ಹೊರಗೂ ಒಳಗೂ ಒಂದು ಡಿಗ್ರಿ ಅಂತರವಿದ್ದರೆ, ಪ್ರತಿ ಚದರ ಮೀಟರಿನಲ್ಲಿ ಮೂರು ವ್ಯಾಟ್‌ಗೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಬಿಸಿಲು ಕುಡಿದ ತಾರಸಿಯ ಮೈಗೂ ಕೆಳಗಿನ ಕೋಣೆಗೂ ಇಪ್ಪತ್ತು ಡಿಗ್ರಿ ಅಂತರವಿರುವುದು ಏನೂ ವಿಶೇಷವಲ್ಲ. ಇವನ್ನು ಗುಣಿಸಿದರೆ ಒಂದೂವರೆ ಸಾವಿರ ವ್ಯಾಟ್ ಆಗುತ್ತದೆ: ನೀರು ಕಾಯಿಸುವ ವಿದ್ಯುತ್ ಹೀಟರೊಂದನ್ನು ಮನೆಯ ನೆತ್ತಿಗೆ ಕಟ್ಟಿ, ಕೆಳಗೆ ಎಪ್ಪತ್ತೈದು ವ್ಯಾಟಿನ ಫ್ಯಾನನ್ನು ತಿರುಗಿಸಿದ ಹಾಗೆ. ಫ್ಯಾನು ಗಾಳಿಯನ್ನು ತಂಪುಮಾಡುವುದಿಲ್ಲ, ಇರುವ ಗಾಳಿಯನ್ನು ತಿರುಗಿಸುತ್ತದೆ. ಆ ಗಾಳಿ ಮೈಗಿಂತ ಬಿಸಿಯಾದ ಮೇಲೆ ಅದರಿಂದ ಸಿಗುವ ಸಾಂತ್ವನವೂ ಅಷ್ಟಕ್ಕಷ್ಟೆ. ಇದಕ್ಕಿಂತ ಕೆಟ್ಟದ್ದು ರಾತ್ರಿ. ಸಮುದ್ರಮಟ್ಟದಿಂದ ಸುಮಾರು ಎಂಟುನೂರು ಮೀಟರ್ ಎತ್ತರದ ಈ ಬಯಲುಸೀಮೆಯಲ್ಲಿ ಸೂರ್ಯ ಮುಳುಗಿದೊಡನೆ ಹೊರಗಿನ ಗಾಳಿ ತಣ್ಣಗಾಗುತ್ತದೆ. ಆದರೆ ಹಗಲೆಲ್ಲ ಸಂಗ್ರಹಿಸಿದ ಉಷ್ಣವನ್ನು ಕಾಂಕ್ರೀಟು ಆಗಲೇ ಒಳಗೆ ಸುರಿಯಲು ತೊಡಗುತ್ತದೆ. ಗಂಡಸರು ಚಾಪೆ ಎತ್ತಿಕೊಂಡು ತಾರಸಿಯ ಮೇಲೆ ಹೋಗಿ ಮಲಗುತ್ತಾರೆ. ಬಾಣಂತಿ, ಎಳೆಗೂಸು, ಮೆಟ್ಟಿಲು ಹತ್ತಲಾರದ ಮುದುಕಿ, ಬಯಲಿನಲ್ಲಿ ಮಲಗಬಾರದೆಂಬ ಕಟ್ಟಳೆಗೆ ಒಳಗಾದ ಹುಡುಗಿಯರು ಒಳಗೆ ಉಳಿಯುತ್ತಾರೆ. ನಿದ್ರೆಗೆಟ್ಟ ರಾತ್ರಿಗಳು ರಕ್ತದೊತ್ತಡದವರನ್ನೂ ಹೃದ್ರೋಗಿಗಳನ್ನೂ ಹೇಗೆ ಕಾಡುತ್ತವೆಂಬುದನ್ನು ವೈದ್ಯರು ಬಲ್ಲರು.

ಶೀಟಿನ ಮನೆಯ ಮಾತು ಬೇರೆ. ಅದು ಶಾಖವನ್ನು ಸಂಗ್ರಹಿಸುವ ಗೋಜಿಗೆ ಹೋಗುವುದಿಲ್ಲ. ಬಿಸಿಲು ಬಿದ್ದ ಗಳಿಗೆಯಲ್ಲಿಯೇ ಒಳಗೆ ದಾಟಿಸುತ್ತದೆ, ಪುಷ್ಯಮಾಸದ ಇರುಳಿನಲ್ಲಿ ಅಷ್ಟೇ ನಿರ್ದಾಕ್ಷಿಣ್ಯವಾಗಿ ಒಳಗಿನ ಬೆಚ್ಚನೆಯನ್ನು ಹೊರಗೆ ಕಳುಹಿಸುತ್ತದೆ. ಸಾಲದುದಕ್ಕೆ ಆ ಶೀಟುಗಳಲ್ಲಿ ಬಹಳಷ್ಟು ಕಲ್ನಾರಿನವು. ಕಲ್ನಾರಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ನಿರ್ಣಯಿಸಿದೆ. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮ ದೇಶದಲ್ಲಿ ನಿಷೇಧ ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಒಡೆಯದೆ ಸುಮ್ಮನೆ ಕುಳಿತ ಶೀಟಿನಿಂದ ಅಪಾಯ ಕಡಿಮೆಯೆಂಬುದು ನಿಜವೇ ಸರಿ. ಆದರೆ ಅದನ್ನು ಗರಗಸದಿಂದ ಕೊಯ್ಯದೆ, ಮೊಳೆಗೆ ತೂತು ಹಾಕದೆ, ಬಿರುಕುಬಿಟ್ಟ ತುಂಡುಗಳನ್ನು ಹಿತ್ತಿಲಿಗೆ ಎಸೆಯದೆ ಬಾಳುವ ಬಡವನ ಮನೆ ಯಾವ ಹಳ್ಳಿಯಲ್ಲಿದೆ?

ಹೀಗಿದ್ದೂ ನಮ್ಮ ಗಣತಿಯ ಕಾಗದಗಳಲ್ಲಿ ಕಲ್ನಾರಿನ ಶೀಟು ಪಕ್ಕಾ ಸೂರು. ಗೇಣುದಪ್ಪ ಮಣ್ಣಿನ ಮಿದ್ದೆ ಕಚ್ಚಾ ಸೂರು. ಈ ವಿಂಗಡಣೆಯನ್ನು ಮಾಡಿದವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು, ಬೆಂಕಿಯನ್ನು ತೆಗೆದುಕೊಂಡರು, ಬಾಳಿಕೆಯನ್ನು ತೆಗೆದುಕೊಂಡರು. ವರ್ಷದ ನಾಲ್ಕು ತಿಂಗಳು ಈ ಸೀಮೆಯನ್ನು ಸುಡುವ ಬಿಸಿಲನ್ನು ಮಾತ್ರ ಬಿಟ್ಟುಬಿಟ್ಟರು. ಸರ್ಕಾರದ ಸಹಾಯಧನ ಈ ಪಟ್ಟಿಯ ಬೆನ್ನು ಹತ್ತಿ ಹರಿಯಿತು. ಇತ್ತ ಉಷ್ಣನಿರೋಧದ ಕಾನೂನು ಇಲ್ಲವೆಂದೇನೂ ಅಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಇಕೋ ನಿವಾಸ್ ಸಂಹಿತೆಯನ್ನು ಹೊರಡಿಸಿ, ವಾಸದ ಕಟ್ಟಡದ ಸೂರಿನ ಉಷ್ಣಪ್ರಸರಣ ಚದರ ಮೀಟರಿಗೆ, ಡಿಗ್ರಿಯೊಂದಕ್ಕೆ, 1.2 ವ್ಯಾಟನ್ನು ಮೀರಕೂಡದೆಂದು ವಿಧಿಸಿತು. ಸೊಗಸಾದ ವಿಧಿ. ಆದರೆ ಅದು ಅನ್ವಯಿಸುವುದು 500 ಚದರ ಮೀಟರ್ ಹಾಗೂ ಅದಕ್ಕೂ ಮೀರಿದ ನಿವೇಶನಗಳಲ್ಲಿ ಕಟ್ಟುವ ವಸತಿಗಳಿಗೆ. ಅದೂ ರಾಜ್ಯಗಳು ಅಂಗೀಕರಿಸಿ ತಮ್ಮ ಕಟ್ಟಡ ನಿಯಮಗಳಲ್ಲಿ ಸೇರಿಸಿಕೊಂಡಾಗ. ಮೂವತ್ತಡಿಗೆ ನಲವತ್ತಡಿಯ ನಿವೇಶನ ಸುಮಾರು 111 ಚದರ ಮೀಟರ್. ಅಂದಮೇಲೆ, ಹವಾನಿಯಂತ್ರಣದ ಯಂತ್ರವನ್ನು ಕೊಳ್ಳಬಲ್ಲವನ ಸೂರಿಗೆ ಶಾಸ್ತ್ರವಿದೆ. ಅದನ್ನು ಕನಸಿನಲ್ಲಿಯೂ ಕೊಳ್ಳಲಾರದವನ ಸೂರಿಗೆ, ಅದನ್ನು ಸರ್ಕಾರವೇ ಹಣ ಕೊಟ್ಟು ಕಟ್ಟಿಸಿದಾಗಲೂ, ಶಾಸ್ತ್ರವಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಹೊಸ ವೈಪರೀತ್ಯವೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ತಂದಾಗ, ದೊರೆಗಳ ಬಂಗಲೆಗಳು ಎತ್ತರದ ಸೂರು, ಸುತ್ತಲೂ ವಿಶಾಲವಾದ ಜಗಲಿ, ಅಂಗಳದ ತುಂಬ ಮರಗಳ ನೆರಳಿನೊಡನೆ ನಿಂತಿದ್ದುವು. ಭೂಗರ್ಭದ ಬೇಗೆಯಲ್ಲಿ ದುಡಿದು ಮೇಲೆ ಬಂದ ಕೂಲಿಯವನಿಗೆ ಒದಗಿದ್ದು ತಟ್ಟಿಗೋಡೆಯ, ತಗಡುಸೂರಿನ ಲೈನುಮನೆ. ತಂಪಾದ ಮನೆಯನ್ನು ಕಟ್ಟುವ ವಿದ್ಯೆ ಅಂದು ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಇಂದೂ ಗೊತ್ತಿದೆ. ಇದಕ್ಕೆ ಸಾಕ್ಷಿ ಬೇಕಾದವರು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ರೇಷ್ಮೆ ಬೆಳೆಗಾರರ ಹುಳುಮನೆಯನ್ನು ಹೊಕ್ಕು ನೋಡಬಹುದು. ರೇಷ್ಮೆಹುಳು ಸುಕುಮಾರ ಜೀವಿ. ಚಾಕಿಯ ಮರಿಗೆ 27-28 ಡಿಗ್ರಿ ಬೇಕು. ಜ್ವರಗಳನ್ನು, ಅಂದರೆ ಪೊರೆ ಕಳಚುವ ಹಂತಗಳನ್ನು, ಕಳೆದು ಬೆಳೆದ ಹುಳುವಿಗೆ 24-26 ಡಿಗ್ರಿ ಸಾಕು, ತೇವಾಂಶ ಶೇಕಡಾ 70ರ ಆಜುಬಾಜಿನಲ್ಲಿರಬೇಕು. ಸೆಕೆ ಮೀರಿದರೆ ಸಪ್ಪೆರೋಗ ಬಡಿದು, ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಾದ ಬೆಳೆ ತಿಪ್ಪೆಗೆ ಹೋಗುತ್ತದೆ. ಆದುದರಿಂದ ರೈತ ಏನು ಮಾಡುತ್ತಾನೆ? ಶೀಟಿನ ಮೇಲೆ ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸುತ್ತಾನೆ, ಕಿಟಕಿಗೆ ನೆನೆಸಿದ ಗೋಣಿತಟ್ಟು ಇಳಿಬಿಡುತ್ತಾನೆ, ಸೂರಿನಡಿಯಲ್ಲಿ ಗಾಳಿ ಹಾಯಲು ಕಿಂಡಿಗಳನ್ನಿಡುತ್ತಾನೆ, ಸುತ್ತ ಮರ ಬೆಳೆಸುತ್ತಾನೆ. ಇಲಾಖೆಯ ಅಧಿಕಾರಿಗಳು ಇದನ್ನೇ ಬೋಧಿಸುತ್ತಾರೆ, ಹುಳುಮನೆಗೆ ಸಹಾಯಧನವನ್ನೂ ಕೊಡುತ್ತಾರೆ. ಅದು ಸರಿಯಾದ ಕೆಲಸವೇ. ಆದರೆ ಅದೇ ಹಿತ್ತಿಲಿನಲ್ಲಿ, ಹುಳುಮನೆಯಿಂದ ಹತ್ತು ಮಾರು ದೂರದಲ್ಲಿ, ಸರ್ಕಾರದ ಇನ್ನೊಂದು ಇಲಾಖೆ ಕೊಟ್ಟ ಹಣದಿಂದ ಕಟ್ಟಿದ ಮನೆಯಲ್ಲಿ ಆ ರೈತನ ಮಗು ಮಲಗಿರುತ್ತದೆ. ಅದರ ಕೋಣೆಗೆ ಇಷ್ಟು ಡಿಗ್ರಿ ಇರತಕ್ಕದ್ದೆಂದು ಯಾವ ಕೈಪಿಡಿಯೂ ಬರೆದಿಲ್ಲ. ಹುಳು ಸತ್ತರೆ ನಷ್ಟ ಅಂದೇ ಕಾಣುತ್ತದೆ, ಮಗು ಬೆವರುಸಾಲೆಯೆದ್ದು ಅತ್ತರೆ ಅದು ಬೇಸಗೆಯ ಸಹಜಧರ್ಮವೆಂದು ಎಲ್ಲರೂ ಸುಮ್ಮನಾಗುತ್ತಾರೆ.

ಇಷ್ಟು ಹೇಳಿದೊಡನೆ, ಇವನು ಮಣ್ಣಿನ ಮನೆಗೆ ಹಿಂದಿರುಗಿರೆಂದು ಉಪದೇಶಿಸುತ್ತಾನೆಂದು ಕೆಲವರು ತಿಳಿದಾರು. ಹಾಗೆ ಉಪದೇಶಿಸುವವರು ಪೇಟೆಯಲ್ಲಿದ್ದಾರೆ. ವಾರಾಂತ್ಯಕ್ಕೊಮ್ಮೆ ಬಂದು ತಂಗುವ ತಮ್ಮ ತೋಟದ ಮನೆಗೆ ಮಣ್ಣಿನ ಗೋಡೆ ಎಬ್ಬಿಸಿ, ಪೂರ್ವಿಕರ ಜಾಣ್ಮೆಯನ್ನು ಕೊಂಡಾಡುವ ಆ ಮಹನೀಯರ ಮಾತು ನನಗೆ ಪಥ್ಯವಲ್ಲ. ಮಿದ್ದೆಯ ಮೇಲೆ ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿಸಲು ಆಳಿಲ್ಲದ, ಸೋರುವ ಮೂಲೆಗೆ ಪಾತ್ರೆಯಿಟ್ಟು ರಾತ್ರಿ ಕಳೆದ, ತೊಲೆಗೆ ಗೆದ್ದಲು ಹತ್ತಿತೆಂದು ಹೆದರಿ ಮಲಗಿದ, ಗುಡಿಸಲಿಗೆ ಬಿದ್ದ ಕಿಡಿಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಜನ ಮೋಲ್ಡಿನ ಮನೆಯನ್ನು ಬಯಸಿದ್ದು ಮೌಢ್ಯದಿಂದಲ್ಲ. ಊರಿನ ಹೊರಗೇ ಇರಿಸಲ್ಪಟ್ಟವರ ಕೇರಿಯಲ್ಲಿ ತಾರಸಿಯೆಂಬುದು ಮರ್ಯಾದೆಯ ಗುರುತೂ ಆಗಿದೆ. ಹೆಂಚನ್ನು ಬಿಟ್ಟವರಿಗೂ ಕಾರಣವಿತ್ತು: ಕೋತಿಗಳ ದಂಡು ಒಂದು ಮಧ್ಯಾಹ್ನದಲ್ಲಿ ಮಾಡುವ ಹಾವಳಿಯನ್ನು ನಗರದ ವಾಸ್ತುಶಿಲ್ಪಿ ತನ್ನ ನಕ್ಷೆಯಲ್ಲಿ ತೋರಿಸುವುದಿಲ್ಲ. ಆದುದರಿಂದ ಕಾಂಕ್ರೀಟು ಇರಲಿ. ಕಾಂಕ್ರೀಟನ್ನು ಬರಿಮೈಯಲ್ಲಿ ಬಿಸಿಲಿಗೆ ಒಡ್ಡುವ ಪದ್ಧತಿ ಮಾತ್ರ ಹೋಗಬೇಕು.

ಅದಕ್ಕೆ ಬೇಕಾದ ಸಾಮಗ್ರಿಯನ್ನು ವಿದೇಶದಿಂದ ತರಿಸಬೇಕಾಗಿಲ್ಲ. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಮಾಲೂರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಾಸಿನ ಕೆಳಭಾಗದಲ್ಲಿ, ಕಾಂಕ್ರೀಟಿಗೆ ಹೊರೆ ಹೊರುವ ಕೆಲಸವೇ ಇಲ್ಲದ ಕಡೆ, ಜೋಡಿಹೆಂಚುಗಳನ್ನು ಹುದುಗಿಸಿ ತಾರಸಿ ಹಾಕುವ ಕ್ರಮವನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಸಾವಿರಾರು ಬಡವರ ಮನೆಗಳಿಗೆ ಬಳಸಿ ತೋರಿಸಿದರು. ಹೆಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣವನ್ನು ತಡೆಯುತ್ತದೆ, ಕಾಂಕ್ರೀಟೂ ಕಬ್ಬಿಣವೂ ಉಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮೊದಲಾದವರು ಗಟ್ಟಿಗೊಳಿಸಿದ ಮಣ್ಣಿನ ಇಟ್ಟಿಗೆಯನ್ನೂ ಕಡಿಮೆ ವೆಚ್ಚದ ಸೂರುಗಳನ್ನೂ ಕುರಿತು ದಶಕಗಳ ಕಾಲ ದುಡಿದರು. ಆ ವಿದ್ಯೆ ನಂಗಲಿಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಹುಟ್ಟಿ ಬೆಳೆಯಿತಾದರೂ, ಪಂಚಾಯತಿಯ ಇಂಜಿನಿಯರನ ಅಂದಾಜುಪಟ್ಟಿಯನ್ನು ಇನ್ನೂ ತಲುಪಿಲ್ಲ. ಆಗಲೇ ಕಟ್ಟಿದ ತಾರಸಿಗೆ ಇಟ್ಟಿಗೆಜಲ್ಲಿ ಮತ್ತು ಸುಣ್ಣದ ಗಾರೆಯ ಹೊದಿಕೆ ಹಾಕಬಹುದು, ಬೋರಲು ಹಾಕಿದ ಮಡಕೆಗಳ ಮೇಲೆ ಗಾರೆ ಬಳಿಯಬಹುದು. ಹಾಸು ಆ ಭಾರವನ್ನು ತಾಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಏಕೆಂದರೆ ಕೆಲವು ಗುತ್ತಿಗೆದಾರರ ನಾಲ್ಕಂಗುಲ ಮೂರೇ ಅಂಗುಲವಿರುವುದುಂಟು. ಇದೊಂದೂ ಆಗದಿದ್ದರೆ ಬಿಳಿಯ ಸುಣ್ಣವಾದರೂ ಇದೆ. ಬಿಳಿಯ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಒಳಗಿನ ಸೆಕೆ ಎರಡರಿಂದ ಐದು ಡಿಗ್ರಿಯವರೆಗೆ ತಗ್ಗಬಹುದೆಂಬ ಅನುಭವದ ಮೇಲೆ ಅಹಮದಾಬಾದ್ ನಗರ ಬಡವರ ಕೇರಿಗಳಲ್ಲಿ ಸೂರುಗಳನ್ನು ಬಿಳುಪಾಗಿಸಿತು, ತೆಲಂಗಾಣ 2023ರಲ್ಲಿ ತಂಪುಸೂರಿನ ನೀತಿಯನ್ನೇ ಮಾಡಿ ಸರ್ಕಾರಿ ಕಟ್ಟಡಗಳಿಗೆ ಕಡ್ಡಾಯಗೊಳಿಸಿತು. ಸುಣ್ಣ ಧೂಳಿಗೆ ಮಾಸುತ್ತದೆ, ವರ್ಷ ವರ್ಷ ಬಳಿಯಬೇಕು. ರಾಗಿ, ಹುಣಿಸೆಹಣ್ಣು ಒಣಗಿಸಲು ತಾರಸಿಯ ಮೇಲೆ ಓಡಾಡುವವರ ಕಾಲಿಗೆ ಸವೆಯುತ್ತದೆ. ಇವು ನಿಜವಾದ ತೊಡಕುಗಳೇ, ಆದರೆ ಕೈಚೆಲ್ಲಿ ಕೂರುವಂಥವಲ್ಲ.

ಹಣವೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಗೃಹಜ್ಯೋತಿಯ ಒಳಗೇ ಇದೆ. ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ ಹತ್ತು, ತೀರ ಕಡಿಮೆ ಬಳಸುವವರಿಗೆ ಹತ್ತು ಯೂನಿಟ್, ಎಂದು ಮಿತಿಯಿದೆ. ಬೇಸಗೆಯಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗಿಸಿ ಆ ಮಿತಿಯನ್ನು ದಾಟಿದ ಬಡವ ಹೆಚ್ಚುವರಿ ಯೂನಿಟ್‌ಗೆ ತಾನೇ ತೆರುತ್ತಾನೆ. ಮಿತಿಯೊಳಗಿನದಕ್ಕೆ ಸರ್ಕಾರ ತೆರುತ್ತದೆ. ಸೂರು ತಂಪಾದರೆ ಇಬ್ಬರಿಗೂ ಉಳಿತಾಯ. ಆ ಒಂಬತ್ತು ಸಾವಿರ ಕೋಟಿಯಲ್ಲಿ ಒಂದು ಸಣ್ಣ ಪಾಲನ್ನು ಸೂರಿಗೆಂದು ಮೀಸಲಿಡಲು ಬೇಕಾದುದು ಧೈರ್ಯ ಮಾತ್ರ. ಯಾವ ಮನೆಯ ಯೂನಿಟ್ಟನ್ನೂ ಕಡಿಯಬೇಕಾಗಿಲ್ಲ. ಫ್ಯಾನಿನ ಬಿಲ್ಲು ಪ್ರತಿ ತಿಂಗಳೂ ಬರುವುದರಿಂದ ಮಂತ್ರಿಗಳು ಅದನ್ನು ಪ್ರತಿ ತಿಂಗಳೂ ಕೊಟ್ಟ ಕೀರ್ತಿಯನ್ನು ಪಡೆಯಬಹುದು, ಸೂರಿನ ಉಪಕಾರ ಒಂದೇ ಸಲ ಮಾಡಿ ಮುಗಿಯುವಂಥದು — ಈ ವಿಷಯ ಇದುವರೆಗೆ ಚರ್ಚೆಗೆ ಬಾರದಿರುವುದಕ್ಕೆ ಪ್ರಾಯಶಃ ಇದೇ ಕಾರಣವಿದ್ದೀತು.

ಹೊಸ ಮನೆಗಳ ವಿಷಯದಲ್ಲಿ ಹಾದಿ ಇನ್ನೂ ಸುಗಮ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಫಲಾನುಭವಿಗೆ ಹಣವನ್ನು ಕಂತುಕಂತಾಗಿ, ತಳಪಾಯ, ಲಿಂಟಲ್, ಸೂರು, ಪೂರ್ಣವೆಂಬ ಹಂತಗಳ ಛಾಯಾಚಿತ್ರವನ್ನು ಜಿ.ಪಿ.ಎಸ್. ಸಹಿತ ನೋಡಿಕೊಂಡು ಬಿಡುಗಡೆ ಮಾಡುತ್ತದೆ. ಇದಕ್ಕೆ ಉಷ್ಣನಿರೋಧದ ಕಂತೊಂದನ್ನು ಸೇರಿಸಿ, ಈಗ ಕೊಡುವ ಮೊತ್ತದಿಂದ ಕಡಿಯದೆ ಅದರ ಮೇಲೆ ಹೆಚ್ಚಾಗಿ ಕೊಟ್ಟು, ಹೆಂಚು ಹುದುಗಿಸಿದ ಹಾಸನ್ನೋ ಗಾರೆಯ ಹೊದಿಕೆಯನ್ನೋ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮನೆಯವರಿಗೇ ಬಿಡಬೇಕು. ಕಲ್ನಾರಿನ ಶೀಟಿಗೆ ಸರ್ಕಾರದ ಕಾಸು ಸೇರಕೂಡದೆಂದು ಅದೇ ಆದೇಶದಲ್ಲಿ ಬರೆಯಬೇಕು. ಹಳೆಯ ತಾರಸಿಗಳಿಗೆ ಸುಣ್ಣ ಬಳಿಯುವ ಕೆಲಸವನ್ನು ಪಂಚಾಯತಿಗಳು ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ ಮುಗಿಸತಕ್ಕದ್ದು, ಯುಗಾದಿಯ ನಂತರ ಬಳಿದರೆ ಅರ್ಧ ಬೇಸಗೆ ಕಳೆದಿರುತ್ತದೆ. ಮುಳಬಾಗಿಲು ತಾಲ್ಲೂಕಿನ ಹೋಬಳಿಯೊಂದರಲ್ಲಿ ಇದನ್ನು ಮೊದಲು ನಡೆಸಿ, ಬೆಸ್ಕಾಂನ ಮೀಟರಿನಲ್ಲಿ ಎಷ್ಟು ಯೂನಿಟ್ ಉಳಿಯಿತೆಂದು ಒಂದು ಬೇಸಗೆ ಅಳೆದು ಪ್ರಕಟಿಸಲಿ. ಉಚಿತ ವಿದ್ಯುತ್ತಿನ ಎರಡು ಪಕ್ಷದವರೂ ಆಮೇಲೆ ಆ ಅಂಕಿಗಳನ್ನು ಹಿಡಿದುಕೊಂಡು ವಾದಿಸಬಹುದು.