ಮೋಟಾರು ವಿಮೆ: ಯಾರ ನಷ್ಟಕ್ಕೆ ಯಾರು ಹೊಣೆ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಕಾರುಗಳು ಒಂದಕ್ಕೊಂದು ತಗಲುವಂತೆ ಸಾಗುವವು. ಇಂಥಲ್ಲಿ ಚಕ್ಕಡಿಯ ನೊಗವು ತಾಗಿ ಕಾರಿನ ಬಾಗಿಲು ಜಜ್ಜಿದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಚಕ್ಕಡಿಯು ಮೋಟಾರು ವಾಹನವಲ್ಲ. ಅದಕ್ಕೆ ವಿಮೆ ಮಾಡಿಸೆಂದು ಕಾನೂನು ಕೇಳುವದಿಲ್ಲ. ಹರಕೆ ತೀರಿಸಲು ಬಂದ ಬಡ ಒಕ್ಕಲಿಗನ ಮೇಲೆ ದಾವೆ ಹೂಡಿದವನು ವಕೀಲರ ಫೀಯನ್ನೂ ಕಳೆದುಕೊಂಡಾನು. ಹೀಗಿರಲು ಕಾರಿನ ಯಜಮಾನನಿಗೆ ತನ್ನ ವಿಮೆಯೇ ಗತಿ. ಆದರೆ ತಮ್ಮ ಗಾಡಿಗೆ ವಿಮೆಯಿದೆಯೆಂದು ನಿಶ್ಚಿಂತರಾಗಿರುವ ಅನೇಕರಿಗೆ ಈ ಗತಿಯೂ ಇಲ್ಲವೆಂಬುದು ವಿಷಾದದ ಸಂಗತಿ.

ಕಾನೂನು ಕಡ್ಡಾಯಪಡಿಸಿರುವದು ಅನ್ಯರಿಗಾಗುವ ಹಾನಿಯ ವಿಮೆಯನ್ನು ಮಾತ್ರ. 1939ರ ಮೋಟಾರು ವಾಹನ ಕಾಯದೆಯ ಈ ಕಟ್ಟಳೆಯು 1946ರ ಜುಲೈ 1ರಿಂದ ಜಾರಿಗೆ ಬಂದಿತು. 1988ರ ಕಾಯದೆಯ 146ನೆಯ ಕಲಮು ಅದನ್ನೇ ಮುಂದುವರಿಸಿದೆ. ನಮ್ಮ ಕಾರಿನಿಂದ ಸತ್ತವರಿಗೆ, ಗಾಯಗೊಂಡವರಿಗೆ ಅದು ಪರಿಹಾರ ಕೊಡುವದು. ನಮ್ಮ ಕಾರೇ ನುಚ್ಚುನೂರಾದರೆ ಅದರಿಂದ ಒಂದು ಕಾಸೂ ಬಾರದು. ಅದಕ್ಕೆ ಸ್ವಂತ ಹಾನಿಯ ವಿಮೆಯು ಬೇರೆಯೇ ಬೇಕು.

ಇಲ್ಲಿಯೇ ಒಂದು ಮೋಸದ ತಿರುವಿದೆ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಅನ್ಯರ ವಿಮೆಯನ್ನು ಒಮ್ಮೆಲೇ 3 ವರ್ಷಕ್ಕೆ ಮಾಡಿಸಬೇಕಾಯಿತು. ಸ್ವಂತ ಹಾನಿಯ ವಿಮೆಯಾದರೋ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮರೆತ ಯಜಮಾನನು ಎರಡನೆಯ ವರ್ಷ ಅರ್ಧ ವಿಮೆಯ ಮೇಲೆಯೇ ಗಾಡಿ ಓಡಿಸುತ್ತಿರುವನು.

ಇನ್ನು ಎಷ್ಟು ರಕ್ಷಣೆ ಬೇಕೆಂಬ ಪ್ರಶ್ನೆ. ಕಾರು ಪೂರ್ಣ ನಾಶವಾದಾಗ ವಿಮೆಯವರು ಕೊಡುವದು ಕೊಂಡ ಬೆಲೆಯನ್ನಲ್ಲ, ಸವಕಳಿ ಕಳೆದ ಘೋಷಿತ ಬೆಲೆಯನ್ನು. ವಾಡಿಕೆಯ ಪಟ್ಟಿಯಂತೆ ನಾಲ್ಕು ವರ್ಷ ದಾಟಿ ಐದು ತುಂಬದ ಕಾರಿಗೆ ಸವಕಳಿಯು ಶೇ. 50, ಅಂದರೆ 8 ಲಕ್ಷದ ಕಾರಿಗೆ 4 ಲಕ್ಷ. ಕಂತು ಉಳಿಸಲು ಈ ಬೆಲೆಯನ್ನು ಕಡಿಮೆ ಬರೆಸುವವರು ನಷ್ಟದ ದಿನ ತಮಗೇ ಕಡಿಮೆ ಬರೆಸಿಕೊಂಡಂತಾಗುವದು. ಚಿಕ್ಕ ರಿಪೇರಿಯಲ್ಲಿಯೂ ಸವಕಳಿ ಬಿಡದು: ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧವನ್ನು ಕಡಿಯುವರು, ಗಾಜಿಗೆ ಮಾತ್ರ ಕಡಿತವಿಲ್ಲ. 20,000 ರೂ. ಬೆಲೆಯ ಪ್ಲಾಸ್ಟಿಕ್ ಬಂಪರಿಗೆ 10,000 ರೂ. ಲೆಕ್ಕ ಹಿಡಿದು, 1500 ಸಿ.ಸಿ. ವರೆಗಿನ ಕಾರಾದರೆ ಕಡ್ಡಾಯದ 1000 ರೂ. ಕಳೆದು, 9000 ರೂ. ಕೈಗೆ ಬರುವದು. ಹೊಸ ಕಾರಿನವರು ಹೆಚ್ಚಿನ ಕಂತು ತೆತ್ತು ಸವಕಳಿ ಕಡಿಯದ ವಿಮೆಯನ್ನು ಕೊಳ್ಳುವದು ಇದಕ್ಕಾಗಿಯೇ. ಅಲ್ಲದೆ ಒಮ್ಮೆ ಪರಿಹಾರ ಬೇಡಿದರೆ, ಬೇಡದವರಿಗೆ ಶೇ. 20ರಿಂದ 50ರ ವರೆಗೆ ಬೆಳೆಯುವ ರಿಯಾಯಿತಿಯು ತಪ್ಪುವದು. ಆದುದರಿಂದ ಕೈಯಿಂದ ಭರಿಸಬಹುದಾದ ಗೀರುಗಳಿಗೆ ಕೈಯಿಂದಲೇ ಕೊಡುವದು ಜಾಣತನ.

ಮೊದಲ ಕೆಲವು ಸಾವಿರಗಳನ್ನು ತಾನೇ ಹೊರುವೆನೆಂದು ಒಪ್ಪಿ ಕಂತು ಇಳಿಸುವ ಮಾರ್ಗವೂ ಉಂಟು. ಹಳೆಯ ಅಖಿಲ ಭಾರತ ದರಪಟ್ಟಿಯಲ್ಲಿ 15,000 ರೂ. ಹೊರಲು ಒಪ್ಪಿದವನಿಗೆ ವರ್ಷಕ್ಕೆ ಸಿಗುತ್ತಿದ್ದ ರಿಯಾಯಿತಿಯು ಹೆಚ್ಚೆಂದರೆ 2500 ರೂ. ಆರು ವರ್ಷ ಅಪಘಾತವಿಲ್ಲದೆ ಕಳೆದರೆ ಮಾತ್ರ ಅವನು ಸಮಸಮಕ್ಕೆ ಬರುವನು. 2007ರಿಂದ ಕಂಪನಿಗಳು ತಾವೇ ದರ ಕಟ್ಟುತ್ತಿರುವದರಿಂದ ಅಂಕಿಗಳು ಬೇರೆಯಾದಾವು. ಲೆಕ್ಕದ ರೀತಿ ಬೇರೆಯಾಗದು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಕರ್ತವ್ಯಲೋಪವಾದೀತು. ಖಾಸಗಿ ಕಾರಿನಲ್ಲಿ ಬಾಡಿಗೆ ಪಡೆದು ಭಕ್ತರನ್ನು ಗುಡ್ಡಕ್ಕೆ ಒಯ್ಯುವದು ವಿಮೆಯ ಕರಾರಿಗೆ ವಿರುದ್ಧ. ಆ ಪ್ರಯಾಣದಲ್ಲಿ ಅಪಘಾತವಾದರೆ ಕಂಪನಿಯು ಹಣವನ್ನು ನಿರಾಕರಿಸಬಹುದು. ಹುಣ್ಣಿಮೆಯ ನಾಲ್ಕು ದಿನದ ಬಾಡಿಗೆಗಾಗಿ ವರ್ಷದ ರಕ್ಷಣೆಯನ್ನು ಪಣಕ್ಕಿಡುವದು ವ್ಯಾಪಾರವಲ್ಲ.

ನಮ್ಮ ಅಭಿಪ್ರಾಯವಿಷ್ಟೆ: ಅನ್ಯರ ವಿಮೆಯು ಕಾನೂನಿನ ಋಣ, ಅದರಲ್ಲಿ ಚೌಕಾಸಿಯಿಲ್ಲ. ಸ್ವಂತ ಹಾನಿಯ ವಿಮೆಯು ಸಂಸಾರದ ಲೆಕ್ಕ. ನಾಳೆ ಕಾರು ಇಲ್ಲವಾದರೆ ಸಾಲ ಮಾಡದೆ ಇನ್ನೊಂದು ಕೊಳ್ಳಬಲ್ಲವನು, ಅಥವಾ ಗುಜರಿಯ ಬೆಲೆಗಿಳಿದ ಗಾಡಿಯುಳ್ಳವನು ಅದನ್ನು ಬಿಡಬಹುದು. ಸಾಲದ ಕಂತು ತೀರುವ ಮುನ್ನವೇ ಕಾರು ಕಳೆದುಕೊಂಡು ಇಲ್ಲದ ಕಾರಿಗೆ ಹಣ ತೆರಬೇಕಾದೀತೆಂಬ ಗುಮಾಸ್ತ, ಶಿಕ್ಷಕ, ಅಂಗಡಿಕಾರರು ಅದನ್ನು ಎಂದಿಗೂ ಬಿಡಲಾಗದು. ಜಾತ್ರೆಗೆ ಹೊರಡುವ ಮೊದಲು ಪೆಟ್ಟಿಗೆಯೊಳಗಿನ ಕಾಗದವನ್ನು ತೆಗೆದು, ಅದರಲ್ಲಿ ಎರಡು ತಾರೀಖುಗಳಿವೆಯೇ ಎಂದು ನೋಡುವದು ಒಳಿತು.