ತಟಸ್ಥ ಸ್ಥಾನದ ಕಾವಲು



ತಾನು ಹಿಡಿದ ಉಪಕರಣದ ಮರ್ಮವನ್ನು ಅರಿತೇ ಕಾಯಕಕ್ಕೆ ತೊಡಗುವುದು ನಮ್ಮ ಹಿರಿಯರ ನಡೆಯಾಗಿತ್ತು. ನೇಕಾರನು ಮಗ್ಗವನ್ನು ಬಲ್ಲವನಾಗಿದ್ದನು. ಒಕ್ಕಲಿಗನು ಕೂರಿಗೆಯನ್ನು ಬಲ್ಲವನಾಗಿದ್ದನು. ಇಂದು ನಮ್ಮ ಅಂಗಳಗಳಲ್ಲಿ ನಿಂತಿರುವ ಆಟೊಮ್ಯಾಟಿಕ್ ಗೇರಿನ ಕಾರುಗಳ ವಿಷಯದಲ್ಲಿ ಆ ಅರಿವು ನಮಗಿದೆಯೇ?

ಈಚೆಗೆ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಹೊರಟಾಗ ಅವರ ಕಾರು ಸ್ಟಾರ್ಟ್ ಆಗಲಿಲ್ಲ. ದೀಪಗಳು ಪ್ರಖರವಾಗಿ ಉರಿಯುತ್ತಿದ್ದವು. "ಬ್ಯಾಟರಿ ಹೊಸದೇ ಗುರುಗಳೇ" ಎಂದರು ಯಜಮಾನರು. ಮಗನು ಗೇರ್ ಲಿವರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಸರಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದಿತು. ಕರೆಸಿದ ಮೆಕ್ಯಾನಿಕನು, "ಅಲ್ಲೊಂದು ಸ್ವಿಚ್ ಇದೆ. ಅದನ್ನು ಬಿಟ್ಟು ತಂತಿಗಳನ್ನು ನೇರವಾಗಿ ಕೂಡಿಸಿದರೆ ಮುಂದೆ ತೊಂದರೆಯಿಲ್ಲ" ಎಂದನು. "ಆ ಸ್ವಿಚ್ ಏಕೆ ಇಟ್ಟಿದ್ದಾರಪ್ಪಾ?" ಎಂದು ಕೇಳಿದೆ. ಅವನು ಕೊಟ್ಟ ಉತ್ತರವನ್ನು ಕೇಳಿದ ಯಜಮಾನರು, ಕಾರಿನ ಮುಂದೆ ಆಡುತ್ತಿದ್ದ ಮೊಮ್ಮಗಳನ್ನು ನೋಡಿ, ತಂತಿ ಕೂಡಿಸುವುದು ಬೇಡವೆಂದರು.

ಅದರ ಹೆಸರು ನ್ಯೂಟ್ರಲ್ ಸೇಫ್ಟಿ ಸ್ವಿಚ್. ಲಿವರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಅದು ಸ್ಟಾರ್ಟರ್ ಮೋಟಾರಿಗೆ ವಿದ್ಯುತ್ ಹರಿಯಗೊಡುತ್ತದೆ. ಡ್ರೈವ್ ಅಥವಾ ರಿವರ್ಸ್‌ನಲ್ಲಿ ಎಂಜಿನ್ ಎದ್ದರೆ ವಾಹನವು ತಟ್ಟನೆ ಮುಂದಕ್ಕೋ ಹಿಂದಕ್ಕೋ ನುಗ್ಗಬಹುದು. ಇದನ್ನು ತಡೆಯುವುದೇ ಅದರ ಕೆಲಸ.

ದೋಷವನ್ನು ಗುರುತಿಸುವ ಕ್ರಮ ಹೀಗಿದೆ. ಮೊದಲು ಬ್ಯಾಟರಿಯನ್ನೂ ಅದರ ತುದಿಗಳ ಕಿಲುಬನ್ನೂ ಪರೀಕ್ಷಿಸಬೇಕು. ವಿಶ್ರಾಂತ ಸ್ಥಿತಿಯಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಬ್ರೇಕ್ ದೀಪ ಉರಿಯುವುದೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದು, ಪಾರ್ಕ್‌ನಲ್ಲಿ ಏಳದ ಎಂಜಿನ್ ನ್ಯೂಟ್ರಲ್‌ನಲ್ಲಿ ಎದ್ದರೆ, ಅಥವಾ ಲಿವರನ್ನು ತುಸು ಅಲುಗಾಡಿಸಿದಾಗ ಎದ್ದರೆ, ಸ್ವಿಚ್ ಸವೆದಿರಬಹುದು, ಸ್ಥಾನ ತಪ್ಪಿರಬಹುದು, ಇಲ್ಲವೇ ಲಿವರಿನ ಕೇಬಲ್ ಸಡಿಲಗೊಂಡಿರಬಹುದು. ಹಲವು ಕಾರುಗಳಲ್ಲಿ ರಿವರ್ಸ್ ದೀಪವೂ ಇದೇ ಸ್ವಿಚ್ಚಿಗೆ ಸೇರಿರುವುದರಿಂದ ಅದು ಉರಿಯದಿರುವುದೂ ಒಂದು ಸುಳಿವು.

ಇವೆಲ್ಲಕ್ಕಿಂತ ಅಪಾಯಕರವಾದುದು ಗೇರಿನಲ್ಲಿಯೇ ಎಂಜಿನ್ ಏಳುವುದು. ಇದನ್ನು ಪರೀಕ್ಷಿಸುವುದಾದರೆ ಹಿಂದೆ ಮುಂದೆ ಯಾರೂ ಇಲ್ಲದ ಬಯಲಿನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನು ಬಲವಾಗಿ ಒತ್ತಿಕೊಂಡೇ ಮಾಡಬೇಕು. ಎಂಜಿನ್ ಎದ್ದರೆ ಒಡನೆಯೇ ಆರಿಸಿ, ರಿಪೇರಿಯಾಗುವವರೆಗೆ ಆ ವಾಹನವನ್ನು ಓಡಿಸಬಾರದು. ಸರಳ ಸ್ವಿಚ್ಚನ್ನು ಮೆಕ್ಯಾನಿಕನು ಮಲ್ಟಿಮೀಟರಿನಿಂದ ಅಳೆಯುತ್ತಾನೆ: ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಸಂಪರ್ಕವಿರಬೇಕು, ಉಳಿದೆಡೆ ಇರಬಾರದು. ಹೊಸ ಮಾದರಿಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ.

ನಮ್ಮನ್ನು ತಡೆಯುವುದೆಲ್ಲ ನಮಗೆ ಅಡ್ಡಿಯೆಂದು ತೋರುವುದು ಸಹಜ. ಕೆಟ್ಟ ಕಾವಲನ್ನು ಸರಿಪಡಿಸಬೇಕೇ ಹೊರತು ಕಾವಲನ್ನೇ ತೆಗೆದುಹಾಕಬಾರದು. ಆ ಮನೆಯವರು ಮರುವಾರ ಹೊಸ ಸ್ವಿಚ್ ಹಾಕಿಸಿದರು. ಮೊಮ್ಮಗಳು ಅದೇ ಅಂಗಳದಲ್ಲಿ ಆಡುತ್ತಿದ್ದಾಳೆ.