ಗಣಕದ ಜರಡಿ, ಕ್ಷಯದ ಗೋಡೆ

ಔಷಧದ ಶೋಧವೆಂದರೆ ಬೀಗಕ್ಕೆ ತಕ್ಕ ಕೀಲಿಕೈಯ ಹುಡುಕಾಟ. ರೋಗಾಣುವಿನ ಪ್ರೋಟೀನ್‌ನಲ್ಲಿರುವ ಕುಳಿಯೊಂದರಲ್ಲಿ ಹೊಂದಿ ಕುಳಿತು, ಅದರ ಕೆಲಸವನ್ನು ತಡೆಯುವ ಅಣುವೇ ಆ ಕೀಲಿಕೈ. ಹಿಂದೆ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಿತ್ತು. ಇಂದು ಲಕ್ಷಾಂತರ ಅಣುಗಳನ್ನು ಗಣಕದೊಳಗೇ ಹೊಂದಿಸಿ ನೋಡಿ, ಭರವಸೆ ಮೂಡಿಸಿದ ಕೆಲವನ್ನು ಮಾತ್ರ ತಯಾರಿಸಿದರೆ ಸಾಕು.

ಈ ವಿದ್ಯೆ ಭಾರತಕ್ಕೆ ಹೊಸತಲ್ಲ. ಪ್ರೋಟೀನ್ ಸರಪಣಿ ಯಾವ ಕೋನಗಳಲ್ಲಿ ಬಾಗಬಲ್ಲದೆಂಬುದನ್ನು ತೋರುವ ನಕ್ಷೆಯನ್ನು ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿಯೇ ರೂಪಿಸಿದ್ದರು. ಪ್ರೋಟೀನ್ ರಚನೆಗಳನ್ನು ಜಗತ್ತು ಇಂದಿಗೂ ಆ ನಕ್ಷೆಗೆ ಒರೆಹಚ್ಚಿ ನೋಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಪರಮ್ ಪ್ರವೇಗ ಎಂಬ ಮಹಾಗಣಕವೂ ಕಾರ್ಯನಿರತವಾಗಿದೆ.

ಆದರೆ ವಿದ್ಯೆಯ ಫಲ ಎಲ್ಲ ರೋಗಿಗಳಿಗೂ ಸಮನಾಗಿ ದಕ್ಕಿಲ್ಲ. ಏಡ್ಸ್ ವೈರಸ್ಸಿನ ಪ್ರೋಟಿಯೇಸ್ ಎಂಬ ಪ್ರೋಟೀನಿನ ರಚನೆ 1989ರಲ್ಲಿ ತಿಳಿಯಿತು. ಅದನ್ನು ತಡೆಯುವ ಔಷಧಗಳು 1995-96ರಲ್ಲಿಯೇ ಅಮೆರಿಕದ ರೋಗಿಗಳಿಗೆ ದೊರೆತವು. ಹಣ ತೆರಬಲ್ಲ ಮಾರುಕಟ್ಟೆ ಅಲ್ಲಿತ್ತು. ಕ್ಷಯದ ವಿರುದ್ಧ ಹೊಸ ಬಗೆಯಲ್ಲಿ ವರ್ತಿಸುವ ಬೆಡಾಕ್ವಿಲಿನ್ ಅನುಮೋದನೆ ಪಡೆದದ್ದು 2012ರ ಕೊನೆಯಲ್ಲಿ, ಸುಮಾರು ನಲವತ್ತು ವರ್ಷಗಳ ತೆರವಿನ ಬಳಿಕ. ಅದು ಸಿಕ್ಕಿದ್ದೂ ಗಣಕದಿಂದಲ್ಲ, ಜೀವಂತ ಬ್ಯಾಕ್ಟೀರಿಯಾಗಳ ಮೇಲೆ ರಾಸಾಯನಿಕಗಳನ್ನು ಪ್ರಯೋಗಿಸಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಅವರಲ್ಲಿ ಬಹುಪಾಲು ಬಡವರು.

ಇಲ್ಲಿ ಅಡ್ಡಿಯಾಗುವುದು ಮಾರುಕಟ್ಟೆಯೊಂದೇ ಅಲ್ಲ. ಕ್ಷಯಾಣುವಿನ ಸುತ್ತ ಮೇಣದಂಥ ದಪ್ಪ ಗೋಡೆಯಿದೆ. ಪರದೆಯ ಮೇಲೆ ಕುಳಿಗೆ ಚೆನ್ನಾಗಿ ಹೊಂದಿದ ಅಣು ಆ ಗೋಡೆಯನ್ನು ದಾಟದೆ ಹೋಗಬಹುದು. ದಾಟಿದರೂ ರೋಗಿಯ ಯಕೃತ್ತಿಗೆ ವಿಷವಾಗಬಹುದು. ಗಣಕವು ಜರಡಿಯೇ ಹೊರತು ಔಷಧವಲ್ಲ. ಜರಡಿಯಲ್ಲಿ ಉಳಿದದ್ದನ್ನು ಸಂಶ್ಲೇಷಿಸಬೇಕು, ಜೀವಂತ ಅಣುಜೀವಿಯ ಮೇಲೆ ಪರೀಕ್ಷಿಸಬೇಕು, ಕೊನೆಗೆ ವರ್ಷಗಟ್ಟಲೆ ಮನುಷ್ಯರಲ್ಲಿ ಒರೆಗೆ ಹಚ್ಚಬೇಕು. ವೆಚ್ಚದ ಬಹುಪಾಲು ಬರುವುದು ಈ ಹಂತಗಳಲ್ಲಿಯೇ.

ಕ್ಷಯದ ಔಷಧವನ್ನು ಮುಕ್ತ ಸಹಯೋಗದಿಂದ ಶೋಧಿಸುವ ಯೋಜನೆಯನ್ನು ಸಿ.ಎಸ್.ಐ.ಆರ್. 2008ರಲ್ಲಿ ಆರಂಭಿಸಿದಾಗ ವಿದ್ಯಾರ್ಥಿಗಳು ಸ್ವಯಂಪ್ರೇರಿತರಾಗಿ ಕೈಜೋಡಿಸಿದ್ದರು. ಉತ್ಸಾಹಕ್ಕೂ ಪ್ರತಿಭೆಗೂ ಈ ನಾಡಿನಲ್ಲಿ ಬರವಿಲ್ಲ. ಮಹಾಗಣಕದ ಉದ್ಘಾಟನೆಗೆ ಸಿಗುವ ಗಮನ ಅದರ ಮುಂದಿನ ಹಂತಗಳಿಗೂ ಸಿಗಬೇಕು. ಲಾಭವಿಲ್ಲವೆಂದು ಖಾಸಗಿ ಬಂಡವಾಳ ಕೈಬಿಟ್ಟ ರೋಗಗಳ ಔಷಧಶೋಧಕ್ಕೆ ಕೇಂದ್ರ ಸರ್ಕಾರವು ಪ್ರಯೋಗಶಾಲೆಯಿಂದ ಚಿಕಿತ್ಸಾ ಪರೀಕ್ಷೆಯವರೆಗೂ ಸ್ಥಿರವಾದ ಅನುದಾನವನ್ನು ಮೀಸಲಿಡಬೇಕು. ಸಾರ್ವಜನಿಕರ ಹಣದಿಂದ ದೊರೆತ ಔಷಧವು ಸಾರ್ವಜನಿಕರ ಕೈಗೆಟಕುವ ಬೆಲೆಗೆ ಸಿಗಬೇಕೆಂಬ ಷರತ್ತೂ ಅದರೊಂದಿಗೆ ಇರಬೇಕು.